ಒದ್ದೆ ಕೈಗೂ ಹತ್ತದ ಕಪ್ಪು: ಉಪ್ಪಿನಕಾಯಿ ಬಾಟಲಿಯ ಚೀಟಿಗೆ ಇಂಕ್ ಹುಡುಕಿದ ಏಳು ವಾರ

ಮೇ 4: ಕೆಲಸ ಏನು

ಸಾಗರದ ಹತ್ತಿರ ನಮ್ಮ ಮನೆ. ಅತ್ತಿಗೆ ಪ್ರತಿ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಗುರುತಿನವರಿಗೆ ಮಾರುತ್ತಾರೆ. ಈ ಸಲ 120 ಬಾಟಲಿ ಆಗುವಷ್ಟು ಮಿಡಿ ಸಿಕ್ಕಿತ್ತು. ಬಾಟಲಿಯ ಕುತ್ತಿಗೆಗೆ ಕಟ್ಟಲು ಚಂದದ ಚೀಟಿ ಮಾಡಿಕೊಡ್ತೀಯಾ ಅಂತ ಕೇಳಿದರು. ನಾನು ಎರಡು ವರ್ಷದಿಂದ ಲೈನೋ, ಅಂದರೆ ಉಳಿಯಲ್ಲಿ ಕೊರೆಯಲು ಬರುವ ಮೆತ್ತನೆಯ ಹಾಳೆ, ಕೊರೆದು ಅಚ್ಚು ಹಾಕುತ್ತಿದ್ದೇನೆ. ಖುಷಿಯಿಂದ ಒಪ್ಪಿಕೊಂಡೆ.

ಚೀಟಿಯ ಅಳತೆ 7 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದ. ಕಪ್ಪು ಗೆರೆಯಲ್ಲಿ ಮಿಡಿಯ ಗೊಂಚಲು, ಎರಡು ಎಲೆ, ಕೆಳಗೆ 'ಅಪ್ಪೆಮಿಡಿ' ಅಂತ ಹೆಸರು. ಅಚ್ಚಿನ ಮೇಲೆ ಕುಂಚದಲ್ಲಿ ತೆಳು ಹಸಿರು. ಹಿಂಬದಿಗೆ ಮನೆಯ ಹೆಸರು, ವರ್ಷ ಇರುವ ಸಣ್ಣ ರಬ್ಬರ್ ಸ್ಟ್ಯಾಂಪ್. ತೂಕ, ಬೆಲೆ ಬರೆದ ಚೀಟಿಯನ್ನು ಅತ್ತಿಗೆ ಬೇರೆಯಾಗಿ ಅಂಟಿಸುತ್ತಾರೆ, ಅದು ನನ್ನ ಕೆಲಸ ಅಲ್ಲ.

ಅವರು ಹಾಕಿದ ಷರತ್ತು ಒಂದೇ. "ಒದ್ದೆ ಕೈಯಲ್ಲಿ ಮುಟ್ಟಿದ್ರೂ ಮಸಿ ಹತ್ತಬಾರದು ನೋಡು. ಊಟದ ಹೊತ್ತಲ್ಲಿ ಯಾರ ಕೈ ಒಣಗಿರತ್ತೆ?"

ಎರಡು ವರ್ಷದಲ್ಲಿ ನಾನು ಹಾಕಿದ ಅಚ್ಚುಗಳೆಲ್ಲ ಗಾಜಿನ ಹಿಂದೆ, ಗೋಡೆ ಮೇಲೆ ಇರುವಂಥವು. ನೀರಿನ ಯೋಚನೆಯೇ ಬಂದಿರಲಿಲ್ಲ.

ಮೇ 6 ರಿಂದ 8: ಅಚ್ಚು ಕೊರೆದದ್ದು

3.2 ಮಿ.ಮೀ. ದಪ್ಪದ ಲೈನೋ ಹಾಳೆ ಮನೆಯಲ್ಲಿತ್ತು. ಅಗಸೆ ಎಣ್ಣೆ, ಕಾರ್ಕಿನ ಪುಡಿ ಎಲ್ಲ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಹಚ್ಚಿ ಮಾಡಿದ ಹಾಳೆ ಅದು. ಬಿಸಿಲಿಗೆ ಐದು ನಿಮಿಷ ಇಟ್ಟರೆ ಬೆಣ್ಣೆಯ ಹಾಗೆ ಮೆತ್ತಗಾಗುತ್ತದೆ, ಉಳಿ ಸಲೀಸಾಗಿ ಓಡುತ್ತದೆ. ಚಿತ್ರವನ್ನು ಬಟರ್ ಪೇಪರಿನಲ್ಲಿ ಬರೆದು, ಮಗುಚಿ ಹಾಕಿ, ಲೈನೋಗೆ ಇಳಿಸಿಕೊಂಡೆ.

ಎಲೆ, ಗೊಂಚಲು ಒಂದು ಸಂಜೆಯಲ್ಲಿ ಮುಗಿಯಿತು. ಎರಡು ದಿನ ತಿಂದದ್ದು 'ಪ್ಪೆ'. ಕನ್ನಡ ಅಕ್ಷರ ಉಲ್ಟಾ ಕೊರೆಯುವುದಕ್ಕಿಂತ ಒತ್ತಕ್ಷರವೇ ಕಷ್ಟ. ಪ ಒತ್ತಿನ ಒಳಗಿನ ಬಿಳಿ ಜಾಗ ಒಂದೂವರೆ ಮಿ.ಮೀ. ಇತ್ತು. ಮೊದಲನೇ ಸಲ ಉಳಿ ಜಾರಿ ಒತ್ತೇ ಹಾರಿಹೋಯಿತು. ಎರಡನೇ ಅಚ್ಚಿನಲ್ಲಿ ಅಕ್ಷರದ ಸಾಲನ್ನು 4 ಮಿ.ಮೀ. ದೊಡ್ಡದು ಮಾಡಿಕೊಂಡೆ. ಇದನ್ನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಮುಂದೆ ಯಾವ ಇಂಕ್ ಸರಿ, ಯಾವುದು ಅಲ್ಲ ಅಂತ ಮೊದಲು ತೋರಿಸಿಕೊಟ್ಟಿದ್ದು ಆ ಒಂದೂವರೆ ಮಿಲಿಮೀಟರ್ ಸಂದು.

ಕಾಗದ: 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ) ಕೈಕಾಗದ, ಹತ್ತಿ ಬಟ್ಟೆಯ ಚೂರಿನಿಂದ ಮಾಡಿದ್ದು. ಹೊಳಪಿಲ್ಲ, ಸ್ವಲ್ಪ ಒರಟು.

ಪರೀಕ್ಷೆ ಮಾಡಿದ ಬಗೆ: ಪ್ರತಿ ಇಂಕಿನಲ್ಲೂ ಇದೇ ಕಾಗದದ ಮೇಲೆ ಐದು ಅಚ್ಚು. 10 ನಿಮಿಷ, 1 ಗಂಟೆ, 1 ದಿನ, 3 ದಿನ, 7 ದಿನ ಆದಮೇಲೆ ಒಂದೊಂದನ್ನು ತೆಗೆದು ಒದ್ದೆ ಕುಂಚ ಹತ್ತು ಸಲ ಎಳೆಯುವುದು. ಆಮೇಲೆ ಒದ್ದೆ ಹೆಬ್ಬೆರಳಿನಿಂದ ಉಜ್ಜುವುದು. ಕೊನೆಗೆ ಮಿಡಿ ನೆನೆಸಿದ ಉಪ್ಪುನೀರು ಎರಡು ಹನಿ. ಹಿಂಬದಿಗೆ ಇಂಕಿನ ಹೆಸರು, ತಾರೀಕು, ಹೊತ್ತು, ಎಲ್ಲ ಪೆನ್ಸಿಲಿನಲ್ಲಿ. ಪೆನ್ನಿನಲ್ಲಿ ಬರೆದರೆ ಅದೇ ಕರಗಿ ಗೊಂದಲ ಮಾಡುತ್ತದೆ.

ಮೇ 9: ಆಫೀಸಿನ ಸ್ಟ್ಯಾಂಪ್ ಪ್ಯಾಡ್

ಮನೆಯಲ್ಲಿದ್ದ ಕಪ್ಪು ಪ್ಯಾಡಿನಿಂದ ಶುರು ಮಾಡಿದೆ. ಹತ್ತು ನಿಮಿಷದ ಚೀಟಿಗೆ ಕುಂಚ ತಾಗಿಸಿದ ಕೂಡಲೇ ಗೆರೆಯ ಸುತ್ತ ನೇರಳೆ ಬಣ್ಣ ಹೂವಿನ ಹಾಗೆ ಅರಳಿತು. ಒಂದು ವಾರ ಕಾದರೂ ಹಾಗೇ. ಈ ಪ್ಯಾಡುಗಳಲ್ಲಿ ಇರುವುದು ನೀರಿನಲ್ಲಿ ಕರಗುವ ಬಣ್ಣ. ಒಣಗಿದ್ದು ನೀರು ಮಾತ್ರ, ಬಣ್ಣ ಮತ್ತೆ ನೀರು ಸಿಗಲಿ ಅಂತ ಕಾಯುತ್ತಾ ಕೂತಿರುತ್ತದೆ. ಕಾದು ಪ್ರಯೋಜನ ಇಲ್ಲ.

ಮೇ 11: ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್

ಸೀಸೆಯ ಮೇಲೆ ವಾಟರ್‌ಪ್ರೂಫ್ ಅಂತಲೇ ಬರೆದಿತ್ತು. ಸ್ಪಂಜಿಗೆ ಹೀರಿಸಿ ಅಚ್ಚಿಗೆ ತಟ್ಟಿದೆ. ಲೈನೋ ಮೇಲೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ನಿಂತಿತು, ಉಳಿದದ್ದು ಕೊರೆದ ಗುಂಡಿಗೆ ಇಳಿಯಿತು. ಕಾಗದದ ಮೇಲೆ ಅರ್ಧ ಎಲೆ ಮೂಡಿತ್ತು, 'ಪ್ಪೆ' ಒಂದು ಕಪ್ಪು ಮುದ್ದೆ.

ಆದರೆ ಮೂಡಿದ ಅಷ್ಟು ಜಾಗ ನೀರಿಗೆ ಜಪ್ಪಯ್ಯ ಅನ್ನಲಿಲ್ಲ. ಒಂದು ಗಂಟೆಯ ಚೀಟಿಯೇ ಪಾಸು. ಇಲ್ಲಿ ಒಂದು ವಿಷಯ ಗೊತ್ತಾಯಿತು. ನೀರು ತಡೆಯುವುದು ಒಂದು ಗುಣ, ಅಚ್ಚಿನ ಮೇಲೆ ನಿಲ್ಲುವುದು ಇನ್ನೊಂದು ಗುಣ. ಪೆನ್ನಿಗೆ ಬೇಕಾದ ತೆಳುವು ಅಚ್ಚಿಗೆ ಆಗುವುದಿಲ್ಲ. ಅಚ್ಚಿಗೆ ಜೇನಿನಷ್ಟು ಗಟ್ಟಿ, ಅದಕ್ಕಿಂತ ಜಾಸ್ತಿ ಅಂಟು ಬೇಕು.

ಮೇ 14 ರಿಂದ 17: ಅಕ್ರಿಲಿಕ್, ಮತ್ತು ಗ್ಲಿಸರಿನ್ ಹಾಕಿದ ತಪ್ಪು

ಅಕ್ರಿಲಿಕ್ ಟ್ಯೂಬ್ ಬಣ್ಣ ಒಣಗಿದರೆ ಪ್ಲಾಸ್ಟಿಕ್ ಪೊರೆ ಇದ್ದ ಹಾಗೆ, ನೀರು ಒಳಗೆ ಹೋಗುವುದಿಲ್ಲ. ಗಾಜಿನ ಮೇಲೆ ಹಾಕಿ ರೋಲರ್ ಓಡಿಸಿದೆ. ಮೊದಲ ಎರಡು ಅಚ್ಚು ತುಂಬಾ ಚೆನ್ನಾಗಿ ಬಂತು. ಮೂರನೆಯದಕ್ಕೆ ಬಣ್ಣ ಅಚ್ಚಿನ ಮೇಲೇ ಒಣಗಿ ಕಾಗದ ಹಿಡಿದುಕೊಂಡಿತು. ಎಳೆದಾಗ ಕಾಗದದ ಸಿಪ್ಪೆ ಎದ್ದು ಬಂತು. ಮೇ ತಿಂಗಳ ಸೆಕೆಯಲ್ಲಿ ನನಗೆ ಸಿಕ್ಕಿದ್ದು ಒಂದೂವರೆ ನಿಮಿಷ, ಅಷ್ಟೆ.

ನಿಧಾನ ಒಣಗಲಿ ಅಂತ ಗ್ಲಿಸರಿನ್ ಬೆರೆಸಿದೆ. ಒಂದು ಚಮಚ ಬಣ್ಣಕ್ಕೆ ಕಾಲು ಚಮಚ. ಹನ್ನೆರಡು ಅಚ್ಚು ಒಂದೇ ಸಮನೆ ಬಂತು. ಕೆಲಸ ಮುಗಿಯಿತು ಅಂದುಕೊಂಡು ಅವತ್ತೇ ನಲವತ್ತು ಚೀಟಿ ಹಾಕಿಬಿಟ್ಟೆ, ಪರೀಕ್ಷೆ ಮುಗಿಯುವ ಮುಂಚೆಯೇ. ಮೂರನೇ ದಿನ ಮುಟ್ಟಿದರೆ ಇನ್ನೂ ಅಂಟು ಅಂಟು. ಗ್ಲಿಸರಿನ್ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ, ತಾನು ಒಣಗುವುದಿಲ್ಲ. ಒದ್ದೆ ಹೆಬ್ಬೆರಳಿಗೆ ಕಪ್ಪು ಮೆತ್ತಿಕೊಂಡಿತು. ನಲವತ್ತು ಚೀಟಿಯ ಕೈಕಾಗದ ಹೋಯಿತು. ಪರೀಕ್ಷೆಯ ಏಳು ದಿನ ಮುಗಿಯದೆ ಒಂದು ಚೀಟಿಯನ್ನೂ ಹಾಕಬಾರದಿತ್ತು.

ರೋಲರಿನ ಮೇಲೆ ಒಣಗಿದ ಅಕ್ರಿಲಿಕ್ ತೆಗೆಯಲು ಒಂದು ಮಧ್ಯಾಹ್ನ ಹಿಡಿಯಿತು.

ಮೇ 19: ಬ್ಲಾಕ್ ಪ್ರಿಂಟಿಂಗ್ ಇಂಕ್ ಅಂತ ತರಿಸಿದ್ದು

ಆನ್‌ಲೈನಿನಲ್ಲಿ ತರಿಸಿದೆ. ಅಚ್ಚು ಹಾಕಲಿಕ್ಕೆ ಅಂತಲೇ ಮಾಡಿದ್ದು, ಹಾಗಾಗಿ ಮೂಡುವುದೇನೋ ಚೆನ್ನಾಗಿಯೇ ಮೂಡಿತು. ಒತ್ತಕ್ಷರದ ಸಂದು ಕೂಡ ಬಿಳಿಯಾಗಿ ಉಳಿಯಿತು. ಒಂದು ದಿನದ ನಂತರ ಒದ್ದೆ ಕುಂಚ ಎಳೆದಾಗ ನೀರೆಲ್ಲ ಬೂದಿ ಬಣ್ಣ. ಟ್ಯೂಬನ್ನು ತಿರುಗಿಸಿ ನೋಡಿದರೆ ನೀರಿನಲ್ಲಿ ತೊಳೆಯಬಹುದು ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ರೋಲರ್ ತೊಳೆಯುವ ಅನುಕೂಲ ಅಂತ ಓದಿಕೊಂಡಿದ್ದೆ. ಅಂಟು ನೀರಿನಲ್ಲಿ ಕರಗುವಂಥದ್ದಾದರೆ ರೋಲರೂ ತೊಳೆಯುತ್ತದೆ, ಚೀಟಿಯೂ ತೊಳೆಯುತ್ತದೆ.

ಅಲ್ಲಿಗೆ ವಿಷಯ ಸರಿಯಾಗಿ ತಲೆಗೆ ಹೋಯಿತು. ಕಪ್ಪು ಎಂದರೆ ಬಹುತೇಕ ಕಾಡಿಗೆ, ಇಂಗಾಲ. ಅದು ಯಾವ ನೀರಿನಲ್ಲೂ ಕರಗುವುದಿಲ್ಲ. ತಾಳೆಗರಿಯಲ್ಲಿ ಕಂಟದಿಂದ ಕೊರೆದು, ಕಾಡಿಗೆ ಎಣ್ಣೆ ಉಜ್ಜಿ ಬರೆದ ಅಕ್ಷರ ನೂರಾರು ವರ್ಷ ಹಾಗೇ ಇದೆ. ಪ್ರಶ್ನೆ ಇರುವುದು ಕಾಡಿಗೆಯನ್ನು ಕಾಗದಕ್ಕೆ ಹಿಡಿಸುವ ಅಂಟಿನದು.

ಅಣ್ಣನ ಮಗ ಇದನ್ನೆಲ್ಲ ದಿನಾ ನೋಡುತ್ತಿದ್ದ. "ಚಿಕ್ಕಪ್ಪ, ವೋಟಿನ ಇಂಕ್ ಹಾಕಬಹುದಲ್ವಾ? ಅದು ಸೋಪು ಹಾಕಿದ್ರೂ ಹೋಗಲ್ಲ" ಅಂದ. ಒಳ್ಳೇ ಪ್ರಶ್ನೆ. ಅದು ಮೈಸೂರಿನ ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲೇ ತಯಾರಾಗುವುದು, 1962 ರ ಚುನಾವಣೆಯಿಂದ ಬಳಕೆಯಲ್ಲಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಚರ್ಮಕ್ಕೆ ಹತ್ತಿ, ಬೆಳಕಿಗೆ ಕಪ್ಪಾಗಿ, ಉಗುರು ಬೆಳೆದು ಹೋಗುವವರೆಗೂ ಉಳಿಯುತ್ತದೆ. ಕಾಗದಕ್ಕೆ ಮಾಡಿದ್ದಲ್ಲ, ಅಂಗಡಿಯಲ್ಲಿ ಸಿಗುವುದೂ ಇಲ್ಲ ಅಂತ ಹೇಳಿದೆ. ಅವನಿಗೆ ಬೇಜಾರಾಯಿತು.

ಮೇ 23: ಪಿಗ್ಮೆಂಟ್ ಪ್ಯಾಡ್

ಜಪಾನಿನ ವರ್ಸಾಫೈನ್ ಪ್ಯಾಡ್ ಬಂತು. ಇದರಲ್ಲಿ ಕರಗುವ ಬಣ್ಣ ಇಲ್ಲ, ಎಣ್ಣೆ ಆಧಾರದ ಪಿಗ್ಮೆಂಟ್, ಅಂದರೆ ನೀರಿನಲ್ಲಿ ಕರಗದ ಬಣ್ಣದ ಪುಡಿ ಇದೆ. ಹಿಂಬದಿಯ ರಬ್ಬರ್ ಸ್ಟ್ಯಾಂಪಿಗೆ ಹಚ್ಚಿ ಒತ್ತಿದೆ. 2 ಮಿ.ಮೀ. ಅಕ್ಷರವೂ ಸೂಜಿಯಲ್ಲಿ ಬರೆದಂತೆ ಮೂಡಿತು. ಹತ್ತು ನಿಮಿಷಕ್ಕೆ ಸ್ವಲ್ಪ ಹತ್ತಿತು. ಒಂದು ಗಂಟೆಯದ್ದು ಕುಂಚಕ್ಕೆ ಅಲುಗಲಿಲ್ಲ. ಒಂದು ದಿನದ್ದು ಹೆಬ್ಬೆರಳು, ಉಪ್ಪುನೀರು ಎರಡಕ್ಕೂ ಪಾಸು. ಹೇರ್ ಡ್ರೈಯರ್ ಒಂದು ನಿಮಿಷ ಹಿಡಿದರೆ ಇನ್ನೂ ಬೇಗ.

ಆದರೆ ದೊಡ್ಡ ಲೈನೋ ಅಚ್ಚಿಗೆ ಪ್ಯಾಡ್ ತಟ್ಟಿದರೆ ಎಲೆಯ ದಪ್ಪ ಕಪ್ಪು ಜಾಗಗಳಲ್ಲಿ ಚುಕ್ಕೆ ಚುಕ್ಕೆ ಬಿಳಿ ಉಳಿಯಿತು. ಮೂರು ಸಲ ತಟ್ಟಿದರೆ ಒತ್ತು ತುಂಬಿಕೊಂಡಿತು. ಹಿಂಬದಿಗೆ ಇದೇ ಖಾಯಂ, ಮುಂಬದಿಗೆ ಬೇರೆ ಹುಡುಕಬೇಕು ಅಂತ ತೀರ್ಮಾನ ಮಾಡಿದೆ.

ಮೇ 25: ಪ್ರೆಸ್ಸಿನ ಇಂಕ್

ಪೇಟೆಯಲ್ಲಿ ಆಫ್‌ಸೆಟ್ ಪ್ರೆಸ್ ಇಟ್ಟಿರುವ ಒಬ್ಬರ ಹತ್ತಿರ ಹೋದೆ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಚಿತ್ರಕಲಾ ಕಾಲೇಜುಗಳಲ್ಲಿ ಮರದಚ್ಚು, ಲೈನೋ ಹಾಕುವವರು ಎಷ್ಟೋ ಕಾಲದಿಂದ ಬಳಸುತ್ತಿರುವುದು ಇದನ್ನೇ. ಅವರು ಡಬ್ಬಿ ತೆಗೆದು ಚಾಕುವಿನಲ್ಲಿ ಎತ್ತಿ ತೋರಿಸಿದರು. ಕಪ್ಪು ಬೆಲ್ಲದ ಪಾಕ ಎಳೆ ಎಳೆಯಾಗಿ ಇಳಿದ ಹಾಗೆ. "ನೂರು ಗ್ರಾಂ ತಗೊಂಡು ಹೋಗಿ, ಐವತ್ತು ರೂಪಾಯಿ ಕೊಡಿ" ಅಂದರು.

ಒಂದು ಮಾತು ಕೇಳಿಯೇ ತರಬೇಕು: ಗಾಳಿಗೆ ಒಣಗುವ, ಹಾಳೆ ಮುದ್ರಣದ ಇಂಕ್ ಹೌದಾ ಅಂತ. ಪತ್ರಿಕೆ ಮುದ್ರಣದ ಇಂಕ್ ಕಾಗದದೊಳಗೆ ಇಂಗುತ್ತದೆ ಅಷ್ಟೇ, ಗಟ್ಟಿಯಾಗುವುದಿಲ್ಲ. ಪೇಪರ್ ಓದಿದ ಮೇಲೆ ಕೈ ಕಪ್ಪಾಗುವುದು ಅದಕ್ಕೇ. ಯುವಿ ಇಂಕ್ ಆದರೆ ಅದರದೇ ದೀಪ ಇಲ್ಲದೆ ಎಂದೂ ಒಣಗದು.

ಗಾಜಿನ ಮೇಲೆ ಕಡಲೆಕಾಳಿನಷ್ಟು ಇಂಕ್ ಇಟ್ಟು ರೋಲರ್ ಓಡಿಸಿದೆ. ಜಾಸ್ತಿ ಇದ್ದರೆ ಪಚ ಪಚ ಅನ್ನುತ್ತದೆ. ತೆಳ್ಳಗೆ ಹರಡಿದಾಗ ಸದ್ದು ಬದಲಾಗುತ್ತದೆ, ದೂರದಲ್ಲಿ ಹೆಂಚಿನ ಮೇಲೆ ಜಿನುಗು ಮಳೆ ಬಿದ್ದ ಹಾಗೆ ಸಣ್ಣಗೆ ಚರ ಚರ. ಆ ಸದ್ದು ಬಂದಾಗ ಅಚ್ಚಿಗೆ ಹಚ್ಚಬೇಕು. ಮೇಲೆ ಕಾಗದ ಇಟ್ಟು, ಮರದ ಸೌಟಿನ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿದೆ. ಒಂದು ಮೂಲೆ ಎತ್ತಿ ನೋಡಿದರೆ ಮಿಡಿಯ ತೊಟ್ಟು, ಎಲೆಯ ನರ, ಒತ್ತಿನ ಒಳಗಿನ ಬಿಳಿ, ಎಲ್ಲ ಇತ್ತು. ಅಂಥ ಕಪ್ಪನ್ನು ನನ್ನ ಅಚ್ಚಿನಲ್ಲಿ ಮೊದಲ ಸಲ ನೋಡಿದ್ದು.

ಪರೀಕ್ಷೆ: ಒಂದು ದಿನಕ್ಕೆ ಬೆರಳಿಗೆ ಹತ್ತುತ್ತದೆ, ಆದರೆ ನೀರಿಗೆ ಹರಡುವುದಿಲ್ಲ. ಮೂರು ದಿನಕ್ಕೆ ಕುಂಚಕ್ಕೆ ಪಾಸು. ಐದನೇ ದಿನದಿಂದ ಹೆಬ್ಬೆರಳಿಗೂ ಪಾಸು.

ಬೆಂಗಳೂರಿನ ಗೆಳೆಯನ ಹತ್ತಿರ ಕ್ಯಾಲಿಗೋ ಸೇಫ್ ವಾಶ್ ಟ್ಯೂಬಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನೂ ಇದೇ ವಾರ ನೋಡಿದೆ. ಎಣ್ಣೆ ಇಂಕ್, ಆದರೆ ಹಸಿ ಇರುವಾಗ ಸೋಪು ನೀರಿನಲ್ಲಿ ತೊಳೆಯಬಹುದು, ಒಣಗಿದ ಮೇಲೆ ನೀರಿಗೆ ಬಗ್ಗದು. ಫಲಿತಾಂಶ ಹೆಚ್ಚು ಕಡಿಮೆ ಒಂದೇ, ತೊಳೆಯುವುದು ಬಹಳ ಸುಲಭ. ಕೈಗೆಟುಕುವವರು ಅದನ್ನೇ ತಗೊಳ್ಳಿ ಅಂತ ಹೇಳುತ್ತೇನೆ. ನನಗೆ 120 ಚೀಟಿಗೆ ಸಾಲುವಷ್ಟು ಇರಲಿಲ್ಲ.

ಜೂನ್ 2: ತೆಂಗಿನೆಣ್ಣೆ

ಇದು ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು. ಪ್ರೆಸ್ ಇಂಕ್ ತೆಗೆಯಲು ಸೀಮೆಎಣ್ಣೆ ವಾಸನೆ ಬೇಡ ಅಂತ ತೆಂಗಿನೆಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿದೆ. ಇಂಕ್ ಚೆನ್ನಾಗಿ ಬಿಟ್ಟಿತು. ಅಚ್ಚು ಹೊಳೆಯುತ್ತಿತ್ತು. ಸೋಪು ಹಾಕಿ ತೊಳೆಯದೆ ಮರುದಿನ ಹಾಗೇ ಮೂವತ್ತು ಚೀಟಿ ಹಾಕಿದೆ.

ಆ ಮೂವತ್ತು ಹನ್ನೊಂದು ದಿನ ಆದರೂ ಒಣಗಲಿಲ್ಲ. ಅಗಸೆ ಎಣ್ಣೆಯಂಥ ಎಣ್ಣೆ ಗಾಳಿ ತಾಗಿ ಗಟ್ಟಿಯಾಗುತ್ತದೆ, ಇಂಕ್ ಒಣಗುವುದೇ ಹಾಗೆ. ತೆಂಗಿನೆಣ್ಣೆ ಎಷ್ಟು ವರ್ಷ ಇಟ್ಟರೂ ಎಣ್ಣೆಯೇ. ಅಚ್ಚಿನ ಮೇಲೆ ಉಳಿದ ಪಸೆ ಇಂಕಿಗೆ ಸೇರಿ ಅದನ್ನೂ ಕೆಡಿಸಿತು. ಗೆರೆಯ ಸುತ್ತ ಕಾಗದದಲ್ಲಿ ಹಳದಿ ಜಿಡ್ಡಿನ ಅಂಚು ಕೂಡ ಕಾಣುತ್ತಿತ್ತು. ಈಗಲೂ ತೊಳೆಯುವುದು ಎಣ್ಣೆಯಲ್ಲೇ, ಆದರೆ ಆಮೇಲೆ ಪಾತ್ರೆ ಸೋಪಿನಲ್ಲಿ ಎರಡು ಸಲ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಬಿಡುತ್ತೇನೆ.

ಒರೆಸಿದ ಬಟ್ಟೆಯ ಬಗ್ಗೆ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಇರುವ ಇಂಕ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತುವುದುಂಟು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಜೂನ್ 6 ರಿಂದ 10: ಮಳೆ ಬಂತು

ಮಳೆ ಹಿಡಿಯಿತು. ಸ್ವಚ್ಛ ಅಚ್ಚಿನಿಂದ ಹಾಕಿದ ಚೀಟಿಗಳೂ ಐದು ದಿನದ ಬದಲು ಒಂಬತ್ತು ದಿನ ತಗೊಳ್ಳತೊಡಗಿದವು. ಥಂಡಿಗೆ, ಪಸೆಗೆ ಎಣ್ಣೆ ಇಂಕ್ ನಿಧಾನ. ಎಣ್ಣೆ ಇಂಕನ್ನು ಬೇಗ ಒಣಗಿಸುವ ದ್ರವ, ಕೋಬಾಲ್ಟ್ ಡ್ರೈಯರ್ ತರಿಸಿದೆ, ತೈಲವರ್ಣದ ಸಾಮಾನು ಮಾರುವಲ್ಲಿ ಸಿಗುತ್ತದೆ. ವಿಷದ ವಸ್ತು, ಕೈಗವಸು ಹಾಕಿಯೇ ಮುಟ್ಟಬೇಕು. ಚೀಟಿ ಬಾಟಲಿಯ ಹೊರಗೆ ನೇತಾಡುವುದು, ಉಪ್ಪಿನಕಾಯಿಗೆ ತಾಗುವುದಿಲ್ಲ, ಅದಕ್ಕೇ ಬಳಸಿದೆ.

ಮೊದಲ ದಿನ ಸೀಸೆಯಿಂದ ನೇರ ಸುರಿಯಲು ಹೋಗಿ ಒಂದು ಟೀ ಚಮಚ ಇಂಕಿಗೆ ಆರೇಳು ಹನಿ ಬಿದ್ದಿತು. ಇಪ್ಪತ್ತು ಚೀಟಿ ಆಗುವಷ್ಟರಲ್ಲಿ ಗಾಜಿನ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿತು. ಚೂರುಗಳು ಅಚ್ಚಿಗೆ ಹತ್ತಿ ಕಪ್ಪಿನಲ್ಲಿ ಗುಳ್ಳೆ ಮೂಡಿದವು. ಮರುದಿನ ಡ್ರಾಪರಿನಲ್ಲಿ ಎಣಿಸಿ ಎರಡೇ ಹನಿ. ಜೊತೆಗೆ ಚಿಟಿಕೆ ಮೆಗ್ನೀಷಿಯಂ ಕಾರ್ಬೊನೇಟ್, ಜಿಮ್‌ನಲ್ಲಿ ಕೈಗೆ ಹಚ್ಚುವ ಬಿಳಿ ಇಟ್ಟಿಗೆ ಕೆರೆದು ಹಾಕಿದ್ದು, ಬೇರೇನೂ ಬೆರೆಸಿಲ್ಲದ್ದು. ಇದರಿಂದ ಇಂಕ್ ಗಟ್ಟಿಯಾಗಿ ಒತ್ತಿನ ಸಂದು ತುಂಬುವುದು ನಿಂತಿತು.

ಹಳೇ ಬಟ್ಟೆ ಬೀರುವಿನ ಬಾಗಿಲು ಅರ್ಧ ತೆರೆದು, ದಾರ ಕಟ್ಟಿ, ಚೀಟಿಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿದೆ. ತಳದಲ್ಲಿ 60 ವ್ಯಾಟ್ ಬಲ್ಬು, ಹೊರಗೆ ಟೇಬಲ್ ಫ್ಯಾನ್. ಬಿಸಿಗಿಂತ ಗಾಳಿ ಮುಖ್ಯ, ಒಂದರ ಮೇಲೊಂದು ಪೇರಿಸಿಟ್ಟದ್ದು ಒಣಗುವುದೇ ಇಲ್ಲ. ಮಳೆಯಲ್ಲೂ ನಾಲ್ಕನೇ ದಿನಕ್ಕೆ ಕುಂಚ, ಹೆಬ್ಬೆರಳು, ಉಪ್ಪುನೀರು ಮೂರಕ್ಕೂ ಪಾಸಾಯಿತು.

ಜೂನ್ 14: ಹಸಿರು

ಕಪ್ಪು ಗೆದ್ದಿತು ಅಂತ ಹದಿನೈದು ಚೀಟಿಗೆ ಜಲವರ್ಣದ ಹಸಿರು ಹಚ್ಚಿ ಅತ್ತಿಗೆಗೆ ಕೊಟ್ಟೆ. ಅವರು ಪಾತ್ರೆ ತೊಳೆಯುತ್ತಿದ್ದರು. ಹಾಗೇ ಒದ್ದೆ ಕೈಯಲ್ಲಿ ತಗೊಂಡರು. ಕಪ್ಪು ಗೆರೆ ಕದಲಲಿಲ್ಲ. ಅವರ ಬೆರಳು ಹಸಿರಾಯಿತು.

"ಮಸಿ ಹತ್ತಲಿಲ್ಲ ನಿಜ. ಇದೇನು?" ಅಂದರು.

ಆರು ವಾರ ಕಪ್ಪನ್ನು ಮಾತ್ರ ನೋಡಿದ್ದೆ. ಜಲವರ್ಣ ಎಷ್ಟು ಒಣಗಿದರೂ ನೀರು ತಾಗಿದರೆ ಮತ್ತೆ ಕರಗುತ್ತದೆ, ಅದು ನನಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಯ ಚೀಟಿಗಳಿಗೆ ಮೊದಲ ದಿನವೇ ಹಸಿರು ಹಚ್ಚಿ ಉಜ್ಜಿದ್ದರೆ ಸಾಕಿತ್ತು.

ಪರಿಹಾರ ಸಿಕ್ಕಿದ್ದು ಕೆಟ್ಟುಹೋದ ಅಕ್ರಿಲಿಕ್ಕಿನಿಂದ. ಹಸಿರು ಅಕ್ರಿಲಿಕ್ ತೆಳುವಾಗಿ ಹಚ್ಚಿದೆ. ಬರೀ ನೀರು ಜಾಸ್ತಿ ಹಾಕಿದರೆ ಅಂಟು ಸಾಲದೆ ಬಣ್ಣ ಪುಡಿಯಾಗಿ ಏಳುತ್ತದೆ. ಒಂದು ಪಾಲು ಬಣ್ಣ, ಒಂದು ಪಾಲು ಅಕ್ರಿಲಿಕ್ ಮೀಡಿಯಂ (ಬಣ್ಣ ಇಲ್ಲದ ಬರೀ ಅಕ್ರಿಲಿಕ್ ಅಂಟು), ಮೂರು ಪಾಲು ನೀರು ಸರಿಹೋಯಿತು. ಒಣಗಿದ ಎಣ್ಣೆ ಕಪ್ಪಿನ ಮೇಲೆ ಈ ನೀರು ನಿಲ್ಲುವುದಿಲ್ಲ, ಜಾರಿ ಪಕ್ಕದ ಕಾಗದಕ್ಕೆ ಇಳಿಯುತ್ತದೆ. ಹಾಗಾಗಿ ಗೆರೆ ಇನ್ನೂ ಚೊಕ್ಕವಾಗಿ ಕಾಣುತ್ತದೆ. ಒಂದು ದಿನ ಬಿಟ್ಟು ನಲ್ಲಿಯ ಕೆಳಗೇ ಹಿಡಿದೆ. ಕಾಗದ ಮೆತ್ತಗಾಯಿತು, ಬಣ್ಣ ಬಿಡಲಿಲ್ಲ.

ಜೂನ್ 21: ಮುಗಿದದ್ದು, ಖರ್ಚು

ಒಟ್ಟು 126 ಚೀಟಿ ಒಳ್ಳೆಯವು. ಹಾಳಾದವು, ಪರೀಕ್ಷೆಯವು ಸೇರಿ ನೂರೈವತ್ತರ ಹತ್ತಿರ. ಕೈಕಾಗದ 960 ರೂಪಾಯಿ, ಪಿಗ್ಮೆಂಟ್ ಪ್ಯಾಡ್ 750, ರಬ್ಬರ್ ಸ್ಟ್ಯಾಂಪ್ 180, ಕೋಬಾಲ್ಟ್ ಡ್ರೈಯರ್ 220, ಹಸಿರು ಮತ್ತು ಮೀಡಿಯಂ 310, ಪ್ರೆಸ್ ಇಂಕ್ 50. ಕೆಲಸಕ್ಕೆ ಬಾರದ ಇಂಕುಗಳಿಗೆ ಹೋದದ್ದು 870. ಪ್ರೆಸ್ ಇಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಮೇಲೆ ಬಟರ್ ಪೇಪರ್ ಒತ್ತಿ ಗಾಳಿ ಹೋಗದಂತೆ ಮುಚ್ಚಿಟ್ಟಿದ್ದೇನೆ.

ಜೂನ್ 22: ಇನ್ನೂ ಬಗೆಹರಿಯದ್ದು

ಮೊದಲ ಬಾಟಲಿ ನಮ್ಮ ಊಟದ ಮೇಜಿಗೇ ಬಂತು. ಅಣ್ಣ ಮಿಡಿ ತೆಗೆದು, ಅದೇ ಕೈಯಲ್ಲಿ ಚೀಟಿ ತಿರುಗಿಸಿ ನೋಡಿದ. ಕಪ್ಪು ಹಾಗೇ ಇದೆ, ಹಸಿರು ಹಾಗೇ ಇದೆ. ಆದರೆ ಎಣ್ಣೆ ತಾಗಿದ ಮೂಲೆಯಲ್ಲಿ ಕಾಗದ ಪಾರದರ್ಶಕವಾಗಿ, ಹಿಂಬದಿಯ ಸ್ಟ್ಯಾಂಪ್ ಮುಂದಕ್ಕೆ ಕಾಣುತ್ತಿದೆ. ಇದಕ್ಕೆ ಯಾವ ಇಂಕೂ ಏನೂ ಮಾಡಲಾರದು, ಇದು ಕಾಗದದ ವಿಷಯ.

ಜೇನುಮೇಣ ಉಜ್ಜಿ, ಬಟರ್ ಪೇಪರ್ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಮೆಲ್ಲಗೆ ಬಿಸಿ ಮಾಡಿ ನೋಡಿದ್ದೇನೆ. ಬಣ್ಣ ಒಂದು ಗುಲಗಂಜಿಯಷ್ಟು ಗಾಢವಾಯಿತು, ಕೈಗೆ ಹಿತವಾಗಿದೆ. ಮಿಕ್ಕ ಆರು ಚೀಟಿಗಳನ್ನು ಒಗ್ಗರಣೆ ಒಲೆಯ ಪಕ್ಕದ ಕಿಟಕಿಗೆ ಕಟ್ಟಿದ್ದೇನೆ. ಮೂರಕ್ಕೆ ಮೇಣ ಇದೆ, ಮೂರಕ್ಕೆ ಇಲ್ಲ. ಹಿಂದೆ ಪೆನ್ಸಿಲಿನಲ್ಲಿ ತಾರೀಕು ಬರೆದಿದೆ.